ನೀಲಿ ಉಣ್ಣೆಯ ಗಂಟು

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ನನ್ನ ಗಂಡನಿಗೆ ಗಾಳದ ಹುಚ್ಚು. ಹಿಡಿದ ಗೆಂಡೆ ಮೀನಿನ ರೆಕ್ಕೆಗೆ ಗುರುತಿಗೊಂದು ನೂಲು ಕಟ್ಟಿ, ‘ಹೋಗು ಮಾರಾಯ’ ಎಂದು ಕೆರೆಗೇ ಬಿಡುತ್ತಿದ್ದರು. ಎಡಚರು, ಗಂಟು ಯಾವಾಗಲೂ ಉಲ್ಟಾ. ಐದು ವರ್ಷದ ಹಿಂದೆ ಅದೇ ಕೆರೆ ಅವರನ್ನು ನುಂಗಿತು. ಹೆಣ ಸಿಗಲಿಲ್ಲ. ‘ಚಳಿ ಇದೆ, ಬಿಚ್ಚಬೇಡಿ’ ಎಂದು ನಾನೇ ತೊಡಿಸಿದ್ದ ನೀಲಿ ಸ್ವೆಟರೂ ಸಿಗಲಿಲ್ಲ.

ಮೊನ್ನೆ ಮಧ್ಯಾಹ್ನ ಮೈದುನ ಆ ಕೆರೆಯಿಂದಲೇ ಒಂದು ಗೆಂಡೆ ತಂದ. ಯಾರೋ ಅಂಗೈಯಲ್ಲಿ ಹಿಡಿದುಕೊಂಡಿದ್ದಂತೆ ಬೆಚ್ಚಗಿತ್ತು. ರೆಕ್ಕೆಯಲ್ಲಿ ಆ ಸ್ವೆಟರಿನದೇ ನೀಲಿ ಉಣ್ಣೆ, ಉಲ್ಟಾ ಗಂಟು.

‘ಅವತ್ತು ಅಣ್ಣ ಬಿಟ್ಟ ಮೀನಿರಬೇಕು, ಅತ್ತಿಗೆ,’ ಎಂದು ಅತ್ತುಬಿಟ್ಟ.

ನನ್ನ ಕೆಲಸವೇ ಮೀನಿನ ವಯಸ್ಸು ಹೇಳುವುದು. ಮೀನಿನ ಹುರುಪೆಯಲ್ಲಿ ವರ್ಷಕ್ಕೊಂದು ಉಂಗುರ ಮೂಡುತ್ತದೆ. ಒಂದು ಹುರುಪೆ ಕಿತ್ತು, ಭೂತಗನ್ನಡಿಯಡಿ ಮೂರು ಸಲ ಎಣಿಸಿದೆ.

ಮೀನಿಗೆ ಎರಡೇ ವರ್ಷ.