ಒಂದೇ ಹನಿ ರಕ್ತ

"ಕೈ ಇದೆ ಗಂಗಾಧರ್, ಕಣ್ಣಿಲ್ಲ." ಚಿತ್ರಕಲಾ ಕಾಲೇಜಿನ ಕೊನೆಯ ದಿನ ಮೇಷ್ಟ್ರು ಆಡಿದ ಆ ಮಾತು ಅವನನ್ನು ಬಿಟ್ಟಿರಲಿಲ್ಲ. ಸತ್ಯಮಂಗಲದ ಫ್ಲೆಕ್ಸ್ ಅಂಗಡಿಯಲ್ಲಿ ಪುಢಾರಿಗಳ ಮುಖ ತಿದ್ದುವಾಗ, ಶೆಟ್ಟಿಹಳ್ಳಿಯ ಬಾಡಿಗೆ ಕೋಣೆಯಲ್ಲಿ ಮಗ್ಗುಲು ಬದಲಿಸುವಾಗ, ಅದು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಕಾಡುತ್ತಿತ್ತು.

ಕುಣಿಗಲ್‌ನ ಕದರಮ್ಮನ ಮೆಸ್ಸಿಗೆ ತಟ್ಟೆ ಇಡ್ಲಿ ತಿನ್ನಲು ಹೋದಾಗ ಗೋಡೆಯ ಮೇಲೆ ಇಟಲಿ ಕಂಡಿತು. ಹೊಗೆ ಹಿಡಿದ ತೈಲಚಿತ್ರ. ಮುರಿದ ಗೋಪುರ, ಬಂಡೆಗಳ ಕಣಿವೆ, ಅರ್ಧ ಚಿತ್ರವನ್ನೇ ನುಂಗಿದ ಬಿರುಗಾಳಿಯ ಆಕಾಶ. ಅದರಡಿ ಇರುವೆಗಳಂತೆ ಕಾದಾಡುವ ಸೈನಿಕರು. ಎಲ್ಲಕ್ಕೂ ಮುಂದೆ, ಮುಂಗಾಲೆತ್ತಿದ ಬಿಳಿ ಕುದುರೆ. ಹದಿನೇಳನೆಯ ಶತಮಾನದ್ದು, ಅವನಿಗೆ ಅನುಮಾನವೇ ಇರಲಿಲ್ಲ. ಕದರಮ್ಮನ ಮಾವ ಚಿಕ್ಕಮಾರಯ್ಯ ಅಲ್ಲಿನ ಕುದುರೆ ಫಾರಂನಲ್ಲಿ ಲಾಯ ನೋಡಿಕೊಳ್ಳುತ್ತಿದ್ದಾಗ, ಊರು ಬಿಡುತ್ತಿದ್ದ ಬಿಳಿಯ ದೊರೆಯೊಬ್ಬ ಕೊಟ್ಟುಹೋದದ್ದಂತೆ.

"ಮಾರ್ತೀರಾ ಅಮ್ಮಾ?"

"ನಮ್ಮಾವನ ಕುದ್ರೆ ಕಣಪ್ಪ ಅದು. ನಿಮ್ಮಜ್ಜನ್ನ ನೀನ್ ಮಾರ್ತೀಯಾ?"

ಅವಳು ನಕ್ಕಳು. ಅವನ ಯೋಜನೆ ಹುಟ್ಟಿದ್ದು ಆ ನಗುವಿನಲ್ಲೇ. ಚೌಕಟ್ಟಿಗೆ ಗೆದ್ದಲು ಹತ್ತಿದೆ, ಬಿಟ್ಟರೆ ಕುದುರೆಯನ್ನೂ ತಿನ್ನುತ್ತದೆ, ನಾನು ಸರಿಮಾಡಿಕೊಡುತ್ತೇನೆ ಎಂದ. ಅವಳೇ ಗಾಬರಿಯಿಂದ ಸ್ಟೂಲು ಹತ್ತಿ ಚಿತ್ರ ಇಳಿಸಿಕೊಟ್ಟಳು.

"ಆಯುಧಪೂಜೆ ಒಳ್ಗೆ ತಂದ್ಬುಡು. ಹಬ್ಬದಲ್ಲಿ ಗೋಡೆ ಬೋಳಾಗ್ಬಾರ್ದು."

ಮಳೆಗಾಲವೆಲ್ಲ ಬಾಗಿಲು ಹಾಕಿಕೊಂಡು ನಕಲು ಬರೆದ. ಹಳೆಯ ಕ್ಯಾನ್ವಾಸು ಹುಡುಕಿದ, ಬಣ್ಣದಲ್ಲಿ ಬಿರುಕು ಬರಿಸಿದ, ಸೌದೆಯ ಹೊಗೆ ಕುಡಿಸಿದ. ಮೂಲವನ್ನು ಬೆರಳ ತುದಿಯಿಂದಲೂ ಮುಟ್ಟಲಿಲ್ಲ; ಹಳೆಯ ಬಣ್ಣ ಉದುರೀತು. ಭೂತಗನ್ನಡಿ ಹಿಡಿದು ನೋಡಿದ, ಅಷ್ಟೇ. ಆಗ ಕಂಡಿತು: ಅಷ್ಟು ದೊಡ್ಡ ಕದನದಲ್ಲಿ ರಕ್ತವಿದ್ದದ್ದು ಒಂದೇ ಕಡೆ, ಕುದುರೆಯ ಹಣೆಯಲ್ಲಿ, ಮಾಸಿದ ಒಂದು ಕೆಂಪು ಚುಕ್ಕೆಯಾಗಿ. ಎಂಥ ಸಂಯಮ! ಬೇರೆ ಯಾರಾದರೂ ಕೊಳೆಯೆಂದು ಬಿಟ್ಟುಬಿಡುತ್ತಿದ್ದರು. ಆ ಒಂದು ಹನಿಗಾಗಿ ಅವನು ಕೆಂಪನ್ನು ಮತ್ತೆ ಮತ್ತೆ ಬೆರೆಸಿದ, ಕೆಡಿಸಿದ, ಕೊನೆಗೆ ಉಸಿರು ಬಿಗಿಹಿಡಿದು ಇಟ್ಟ. ಮೇಷ್ಟ್ರು ನೋಡಬೇಕಿತ್ತು.

ಮೂಲ ಗುಬ್ಬಿಯ ಅಕ್ಕನ ಮನೆಯ ಅಟ್ಟ ಸೇರಿತು. ಹಬ್ಬ ಕಳೆದ ಮೇಲೆ ಮುಂಬಯಿಯ ದಲ್ಲಾಳಿ ಬರುವವನಿದ್ದ.

ಆಯುಧಪೂಜೆಯ ಬೆಳಿಗ್ಗೆ ಮೆಸ್ಸಿನ ಗ್ರೈಂಡರು, ಈಳಿಗೆಮಣೆ, ಸ್ಕೂಟರು ಎಲ್ಲಕ್ಕೂ ಸೇವಂತಿಗೆ ಏರಿತ್ತು. ಅವನು ನಕಲನ್ನು ಗೋಡೆಗೆ ಹಾಕಿದ. ಕದರಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಅದೇ ಕುದ್ರೆ, ಅದೇ ಗತ್ತು. ಚೆನ್ನಾಗ್ ಮಾಡಿದೀಯ ಕಣೋ. ಪಾಯ್ಸ ಕುಡ್ಕೊಂಡ್ ಹೋಗು."

ಆಗಲೇ ಹೊರಟುಬಿಡಬಹುದಿತ್ತು. ಆದರೆ ತನ್ನ ಚಿತ್ರವನ್ನು ಒಬ್ಬರು ನಂಬಿ ನೋಡುವುದನ್ನು ಇನ್ನೊಂದಿಷ್ಟು ಹೊತ್ತು ನೋಡಬೇಕೆನಿಸಿತು. ಕುಳಿತ.

ಅವಳು ಕುಂಕುಮದ ಬಟ್ಟಲು ಹಿಡಿದು ಸ್ಟೂಲು ಹತ್ತಿದಳು. "ಫಾರಂ ಕುದ್ರೆಗೆಲ್ಲ ನಮ್ಮಾವ ಹಿಂಗೇ ಇಡ್ತಿದ್ರು. ತಡಿ, ಹೋದೊರ್ಸದ್ದು ಒರ್ಸ್ಬುಟ್ಟು ಹೊಸ್ದಿಡ್ತೀನಿ," ಎನ್ನುತ್ತ ಟವೆಲಿನ ತುದಿ ನೀರಿಗದ್ದಿ ಬಿಳಿ ಕುದುರೆಯ ಹಣೆ ಒರೆಸಿದಳು. ಇನ್ನೊಮ್ಮೆ ಒರೆಸಿದಳು, ಒತ್ತಿ. ಟವೆಲು ತಿರುಗಿಸಿ ನೋಡಿದಳು, ಬೆಳ್ಳಗೇ ಇತ್ತು; ಹಣೆಯ ಕೆಂಪು ಚುಕ್ಕೆ ಇದ್ದಂತೆಯೇ ಇತ್ತು. ಆಮೇಲೆ ಅವನತ್ತ ತಿರುಗಿದಳು. "ಏನ್ಲಾ ಗಂಗಾಧರ, ನಾನಿಟ್ಟಿದ್ ಕುಂಕುಮ ಎಲ್ಲೋಯ್ತು?"