ಪೋಲಾಳಿಗೆ ಔಷಧಿ ಕೊಟ್ಟವರು ಯಾರು?

"ಅತ್ತೇ...! ನನ್ನ ಮಗಳಿಗೆ ಏನು ಕೊಟ್ಟಿದ್ದೀರಿ? ಬಾಯಿಬಿಟ್ಟು ಹೇಳಿ!"

ಕಿಂಗಾಳ ಕೂಗಿಗೆ ಅಡುಗೆಮನೆಯಲ್ಲಿದ್ದ ಯಾದ್ವಿಗಾಳ ಕೈಯಿಂದ ಸೌಟು ಜಾರಿತು. ಓಡಿಬಂದು ನೋಡಿದರೆ, ಹಾಸಿಗೆಯ ಮೇಲೆ ಬೋರಲಾಗಿ ಮಲಗಿದ್ದ ಆರು ವರ್ಷದ ಪೋಲಾಳ ಬೆನ್ನು, ತೋಳು, ಕುತ್ತಿಗೆಯ ತುಂಬ ಕೆಂಪು ದದ್ದು! ದದ್ದುಗಳ ನಡುವೆ, ಹಿಂದಿನ ದಿನ ಅಜ್ಜಿ ಬಿಸಿ ಗಾಜಿನ ಬಟ್ಟಲು ಕವುಚಿದ್ದ ದುಂಡನೆಯ ಗುರುತುಗಳು. ಜ್ವರ ಬಂದರೆ ಮಕ್ಕಳ ಬೆನ್ನಿಗೆ ಬಟ್ಟಲು ಹಾಕುವುದು ಪೋಲೆಂಡಿನ ಅಜ್ಜಿಯರ ರೂಢಿ. ನಾರ್ವೆಗೆ ಬಂದ ಮೇಲೂ ಯಾದ್ವಿಗಾ ಅದನ್ನು ಬಿಟ್ಟಿರಲಿಲ್ಲ.

"ಬಟ್ಟಲಿಂದ ದದ್ದು ಬರಲ್ಲ ಕಣೇ. ನಿನ್ನ ಗಂಡನಿಗೂ ಹಾಕೇ ಬೆಳೆಸಿದ್ದು."

"ಹಾಗಾದ್ರೆ ಜ್ವರಕ್ಕೆ ಅಂತ ನೀವು ಕೊಡೋ ಆ ಹಣ್ಣಿನ ಪಾಕದಲ್ಲಿ ಏನು ಬೆರೆಸಿ ಕುಡಿಸಿದ್ರಿ? ನಾನು ಕೆಲಸಕ್ಕೆ ಹೋದ್ಮೇಲೆ ಈ ಮನೇಲಿ ಏನೇನು ನಡೆಯುತ್ತೋ, ದೇವರಿಗೇ ಗೊತ್ತು!"

ಯಾದ್ವಿಗಾ ಸೊಸೆಯ ಮುಖವನ್ನು ನೆಟ್ಟ ನೋಟದಿಂದ ನೋಡಿದಳು. ಆಮೇಲೆ ಬಾಗಿ ಮೊಮ್ಮಗಳ ಅಂಗಿ ಕೆಳಗೆಳೆದಳು. ಅತ್ತೆ ಇಲ್ಲ ಅನ್ನದಿದ್ದದ್ದೇ ಕಿಂಗಾಳ ಅನುಮಾನಕ್ಕೆ ಸಾಕ್ಷಿಯಾಯಿತು.

ಸೊಸೆ ಬೊಟ್ಟು ಮಾಡಿದರೆ ಮಗನ ಕಣ್ಣಿಗೆ ಹೆತ್ತ ತಾಯಿಯೇ ಅಪರಾಧಿ! ಇದು ಯಾವ ದೇಶದಲ್ಲಿ ತಪ್ಪಿದೆ, ಹೇಳಿ? ಹಡಗುಕಟ್ಟೆಯ ಕೆಲಸ ಬಿಟ್ಟು ಓಡಿಬಂದ ಲೆಷೆಕ್, ಆಸ್ಪತ್ರೆಗೆ ಕಾರು ಓಡಿಸುತ್ತಲೇ ಸಿಡಿದ. "ಅಮ್ಮಾ, ಮಗೂಗೆ ಏನಾದ್ರೂ ಆಯ್ತೋ, ಪೋಲೆಂಡಿಗೆ ಹೋಗೋ ಮೊದಲನೇ ವ್ಯಾನಿಗೇ ನಿನ್ನ ಗಂಟುಮೂಟೆ ಕಟ್ಟಿಸ್ತೀನಿ!"

ಮೊಮ್ಮಗಳ ಬಿಸಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಮುದುಕಿ ಕಣ್ಣು ಮುಚ್ಚಿಕೊಂಡಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪೋಲಾಳ ಊದಿದ ಗಂಟಲು ನೋಡಿದರು, ಅಂಗಿ ಎತ್ತಿದರು. ದುಂಡು ಗುರುತು ಕಂಡದ್ದೇ ಅವರ ದನಿ ಬಿಗಿಯಿತು. "ಇದು ಯಾರು ಮಾಡಿದ್ದು?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಗುವಿನ ಮೈಮೇಲೆ ಗಾಯ ಕಂಡರೆ ಸರ್ಕಾರದವರು ಬಂದು ಮಗುವನ್ನೇ ಕರೆದೊಯ್ಯುತ್ತಾರೆಂಬ ಗುಸುಗುಸು ನಾರ್ವೆಯ ಪೋಲಿಷ್ ಮನೆಗಳಲ್ಲಿ ಯಾವತ್ತೂ ನಿಂತಿದ್ದಿಲ್ಲ. ನಿಜವೆಷ್ಟೋ, ಸುಳ್ಳೆಷ್ಟೋ... ಹೆದರಿಕೆಯಂತೂ ನಿಜ.

"ಆಮೇಲೆ ಮಾತಾಡೋಣ," ಎಂದರು ಡಾಕ್ಟರಮ್ಮ. "ಈಗ ಪೆನಿಸಿಲಿನ್ ಇಂಜೆಕ್ಷನ್ ಕೊಡಬೇಕು ಅಂತಿದ್ದೀನಿ. ಮೊದಲೇ ಏನಾದ್ರೂ ಔಷಧಿ ಕೊಟ್ಟಿದ್ದೀರಾ?"

"ಇಲ್ಲ, ಏನೂ ಇಲ್ಲ," ಎಂದಳು ಕಿಂಗಾ. ಅವಳ ಬೆರಳುಗಳು ಕೈಚೀಲವನ್ನು ಹಿಚುಕುತ್ತಿದ್ದವು.

"ಕೊಟ್ಟಿದ್ದೀನಿ!" ಯಾದ್ವಿಗಾ ಹರಕುಮುರುಕು ನಾರ್ವೇಜಿಯನ್‌ನಲ್ಲಿ ಅಂದಳು. "ಬಟ್ಟಲು ಹಾಕಿದ್ದೂ ನಾನೇ. ಔಷಧಿ ಕೊಟ್ಟಿದ್ದೂ ನಾನೇ."

"ಅಮ್ಮಾ...!" ಲೆಷೆಕ್ ಗೋಡೆಗೆ ಗುದ್ದಿದ.

"ಯಾವ ಔಷಧಿ? ಹೆಸರು ಹೇಳಿ."

"ಬಿಳೀದು... ನೀರು ಬೆರೆಸಿ ಅಲ್ಲಾಡಿಸೋದು..."

"ಅಷ್ಟು ಸಾಲದು ಅಜ್ಜಿ. ಅದೂ ಪೆನಿಸಿಲಿನ್ ಜಾತಿಯದ್ದಾಗಿ, ಅದು ಒಗ್ಗದೆ ಈ ದದ್ದು ಎದ್ದಿದ್ರೆ, ನಾನು ಚುಚ್ಚೋ ಸೂಜಿಯಿಂದ ಮಗುವಿನ ಉಸಿರೇ ಕಟ್ಟಬಹುದು!"

ಯಾದ್ವಿಗಾ ತಬ್ಬಿಬ್ಬಾದಳು. ಸೊಸೆಯ ಕಡೆ ತಿರುಗಿ, ಡಾಕ್ಟರಿಗೆ ತಿಳಿಯದಂತೆ ಪೋಲಿಷ್‌ನಲ್ಲಿ ಪಿಸುಗುಟ್ಟಿದಳು. "ಹೆಸರೊಂದು ನನ್ನ ಕಿವೀಲಿ ಹೇಳೇ. ನಾನೇ ಹೇಳ್ತೀನಿ. ನೀನು ಬಾಗಿಲ ಮರೆಯಲ್ಲಿ ಬಾಟಲಿ ಅಲ್ಲಾಡಿಸ್ತಿದ್ದಿದ್ದು ನೋಡಿದ್ದೀನಿ. ನನ್ನ ಮೇಲೆ ಬಂದ್ರೆ ಊರಿಗೆ ಅಟ್ತಾರೆ, ಅಷ್ಟೇ ತಾನೆ? ನಿನ್ನ ಮೇಲೆ ಬಂದ್ರೆ ಮಗೂನೇ ಕರ್ಕೊಂಡು ಹೋಗ್ತಾರಲ್ಲೇ ತಾಯಿ..."

ಕಿಂಗಾ ಆ ಮುಖ ನೋಡಿದಳು. ಬೆಳಗಿನಿಂದ ತಾನು ಬೈದ ಮುಖ! ಕೈಚೀಲದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು.

"ಅಮಾಕ್ಸಿಸಿಲಿನ್. ಕೊಟ್ಟಿದ್ದು ನಾನು, ಡಾಕ್ಟರ್! ಇಲ್ಲಿ ಕ್ಲಿನಿಕ್ಕಲ್ಲಿ ಕಾಯಿರಿ, ತಾನಾಗೇ ಹೋಗುತ್ತೆ ಅಂದ್ರು. ನನ್ನ ಕೈಲಿ ಕಾಯೋಕಾಗಲಿಲ್ಲ... ನಮ್ಮಕ್ಕ ಪೋಲೆಂಡಿಂದ ಸಾಸೇಜ್ ಪೊಟ್ಟಣದ ಜೊತೆ ವ್ಯಾನಲ್ಲಿ ಕಳಿಸಿದ್ಲು. ಹೋದ್ಸಲ ವಾಸಿಯಾಗಿತ್ತಲ್ಲ, ಇದ್ರಿಂದ ಏನೂ ಆಗಲ್ಲ ಅಂದ್ಕೊಂಡೆ... ಬಟ್ಟಲಿನ ಗುರುತು ಹೊಡೆದಿದ್ದಲ್ಲ, ನಮ್ಮ ಕಡೆ ಮನೆಮದ್ದು. ನಮ್ಮತ್ತೆ ಇವಳನ್ನ ಗದರಿದ್ದೂ ಇಲ್ಲ!"

ಇಂಜೆಕ್ಷನ್ ನಿಂತಿತು, ರಕ್ತಪರೀಕ್ಷೆ ನಡೆಯಿತು. ಪೋಲಾಳಿಗೆ ಬಂದಿದ್ದು ವೈರಸ್ಸಿನ ಗಂಟಲು ಜ್ವರ. ಆ ಔಷಧಿ ಬೇಕೇ ಇರಲಿಲ್ಲ, ಈ ಜ್ವರದಲ್ಲಿ ಅದನ್ನು ಕೊಟ್ಟದ್ದಕ್ಕೇ ದದ್ದು ಎದ್ದಿತ್ತು. "ನಿಲ್ಲಿಸಿದ್ರೆ ಇಳಿಯುತ್ತೆ. ಎರಡು ದಿನ ಇಲ್ಲೇ ಇರಲಿ," ಎಂದರು ಡಾಕ್ಟರಮ್ಮ. ಕಿಂಗಾಳಿಗೆ ಬೈಯಬೇಕಾದಷ್ಟು ಬೈದರು, ಮಗುವನ್ನು ಕರೆದೊಯ್ಯುವ ಮಾತೆತ್ತಲಿಲ್ಲ.

ಲೆಷೆಕ್ ತಾಯಿಯ ಮುಂದೆ ತಲೆ ತಗ್ಗಿಸಿ ನಿಂತ. ಕಿಂಗಾ ಅತ್ತೆಯ ಕೈ ಹಿಡಿದು ಬಿಕ್ಕಿದಳು. "ತಪ್ಪಾಯ್ತು ಅತ್ತೆ... ಊರಿಗೆ ಹೋಗ್ಬೇಡಿ..."

"ಅಳಬೇಡ ಸುಮ್ನಿರು, ಮಗು ಏಳುತ್ತೆ," ಎಂದಳು ಮುದುಕಿ.

ಅಷ್ಟರಲ್ಲಿ ಪೋಲಾ ಕಣ್ಣುಬಿಟ್ಟು, "ಅಜ್ಜಿ, ನೀರು..." ಎಂದಳು. ಯಾದ್ವಿಗಾ ಲೋಟ ತೆಗೆದುಕೊಂಡವಳು ಗಕ್ಕನೆ ನಿಂತು, ಅದನ್ನು ಸೊಸೆಗೆ ಚಾಚಿದಳು.

"ನೀವೇ ಕುಡಿಸಿ ಅತ್ತೆ," ಎಂದಳು ಕಿಂಗಾ.

ಯಾದ್ವಿಗಾ ಸೊಸೆಯ ಕಣ್ಣೆದುರಿಗೇ ಮೊದಲು ತಾನೊಂದು ಗುಟುಕು ಕುಡಿದಳು. ಆಮೇಲೆ ಲೋಟವನ್ನು ಮೊಮ್ಮಗಳ ತುಟಿಗಿಟ್ಟಳು.