ಸೋತವರು ಸೋಯಾ ಹಾಲು ತರಬೇಕು

"ಇವತ್ತೂ ಬೇಕಂತಲೇ ಸೋತೆ ತಾನೆ?" ಎಂದು ನಾನು ಸಿಡುಕಿದೆ.

"ಅಯ್ಯೋ ಇಲ್ಲಮ್ಮ. ನಿಂದು ಕೈಯಲ್ಲ, ಒನಕೆ!" ಝಾವೊಲಿನ್ ಭುಜ ಉಜ್ಜಿಕೊಳ್ಳುತ್ತಾ ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಮೊದಲು ಮುಚ್ಚುತ್ತಿತ್ತು. ಅದನ್ನು ನೋಡಲೆಂದೇ ನಾನು ದಿನಾ ಜಗಳ ತೆಗೆಯುತ್ತಿದ್ದೆ.

ಗುವಾಂಗ್‌ಫು ಊರಿನ ಕೋಟೆಗೋಡೆಯ ಬುಡದಲ್ಲಿ ದಿನಾ ಬೆಳಿಗ್ಗೆ ನಮ್ಮ ತಾಯ್ ಚಿ ಕಸರತ್ತಿನ ಗುಂಪು ಸೇರುತ್ತಿತ್ತು. ಕೊನೆಯಲ್ಲಿ ಇಬ್ಬಿಬ್ಬರು ಎದುರಾಗಿ, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ತಳ್ಳಬೇಕು. ಯಾರ ಪಾದ ಕದಲಿತೋ ಅವರು ಸೋತರು. ಸೋತವರು ಗೆದ್ದವರಿಗೆ ಸೋಯಾ ಹಾಲು ತರಬೇಕು, ತಾವು ಕುಡಿಯುವ ಹಾಗಿಲ್ಲ. ನಾಲ್ಕು ವರ್ಷದಿಂದ ಅವನೇ ತರುತ್ತಿದ್ದ, ನಾನೇ ಕುಡಿಯುತ್ತಿದ್ದೆ.

ಗಂಡ ತೀರಿಕೊಂಡ ಮೇಲೆ ಬಟ್ಟೆಯ ಬೂಟು ಹೊಲಿದು ಬದುಕಿದವಳು ನಾನು. ಯಾರು ತಳ್ಳಿದರೂ ಕದಲಬಾರದು ಅನ್ನುವುದೊಂದೇ ನನಗೆ ಬರುತ್ತಿದ್ದ ವಿದ್ಯೆ. ತಾಯ್ ಚಿ ಕಲಿಸುವ ಹೌ ಗುರುಗಳು ಬೈದೂ ಬೈದೂ ಸುಸ್ತಾಗಿದ್ದರು.

"ಯೂಝೆನ್, ಗೆದ್ದೂ ಗೆದ್ದೂ ನೀನು ಹಾಗೇ ಉಳಿದೆ. ಅವನು ದಿನಾ ಸೋತು ಕಲೀತಿದಾನೆ. ಬರೋ ಬಲಕ್ಕೆ ದಾರಿ ಬಿಡೇ, ತಾಯಿ!"

ದಾರಿ ಬಿಟ್ಟರೆ ಎಲ್ಲರೂ ಹೋಗಿಬಿಡುತ್ತಾರಲ್ಲ ಎಂದು ನನಗೆ ಹೆದರಿಕೆ.

ಚಳಿ ಶುರುವಾದ ವಾರ ಅವನು ತಡವಾಗಿ ಬಂದ. ಗಡ್ಡ ಕೂಡ ಬೋಳಿಸಿರಲಿಲ್ಲ.

"ಶ್ಯೂಫೆನ್‌ಗೆ ಲಕ್ವ ಹೊಡೆದಿದೆಯಂತೆ," ಅಂದ. ಏಳು ವರ್ಷದ ಹಿಂದೆ ಅವನನ್ನು ಬಿಟ್ಟುಹೋದ ಹೆಂಡತಿ. "ಹಾರ್ಬಿನ್‌ನಲ್ಲಿ ಅಷ್ಟು ದೂರದಲ್ಲಿ ಒಬ್ಬಳೇ ಇದಾಳೆ. ಒಂದು ತುತ್ತು ತಿನ್ನಿಸೋರಿಲ್ಲ."

"ಅವಳು ಬಿಟ್ಟುಹೋದ ಮೇಲೆ ನಿಂಗ್ಯಾರು ತಿನ್ನಿಸಿದ್ರು?"

"ನೀನು."

ನಾನು ಬಗ್ಗಿ ಬೂಟಿನ ಧೂಳು ಕೊಡವಿದೆ.

"ಬೇಡ ಅನ್ನು, ಯೂಝೆನ್. ಒಂದು ಮಾತು ಸಾಕು, ಉಳ್ಕೋತೀನಿ."

ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದ್ದೆ ಅವನನ್ನು, ಇನ್ನು ಯಾತಕ್ಕೆ ಮುಚ್ಚುಮರೆ. ಆದರೆ "ಮೊದಲು ಕೈ ಕೊಡು" ಅಂದೆ.

ಬಾಯಿ ಸುಳ್ಳು ಹೇಳೀತು, ಮಣಿಕಟ್ಟಿಗೆ ಸುಳ್ಳು ಬರುವುದಿಲ್ಲ. ನಾಲ್ಕು ವರ್ಷ ಅರಳೆಯಷ್ಟು ಹಗುರವಾಗಿದ್ದ ಆ ತೋಳು ಅವತ್ತು ಮೊಳಕೈವರೆಗೂ ಬಿಗಿದಿತ್ತು. ಅವನು ಮನಸ್ಸಿನಲ್ಲಿ ಆಗಲೇ ರೈಲು ಹತ್ತಿದ್ದ. ನಾನು ಹಿಡಿದರೆ ನಿಲ್ಲುತ್ತಿದ್ದ, ನಿಜ. ಆದರೆ ಸಾಯುವತನಕ ಹೀಗೇ ಬಿಗಿದುಕೊಂಡು ನಿಲ್ಲುತ್ತಿದ್ದ.

ಅವನು ತಳ್ಳಿದ. ನಾನು ಗಟ್ಟಿಯಾಗಲಿಲ್ಲ. ನನ್ನ ಬಲಗಾಲು ಒಂದು ಹೆಜ್ಜೆ ಹಿಂದೆ ಸರಿಯಿತು.

"ಬೇಕಂತಲೇ ಸೋತೆ," ಅಂದ. ಅವನ ಎರಡೂ ಕಣ್ಣು ತುಂಬಿದ್ದವು.

"ಇಲ್ಲ ಕಣೋ, ನಿಜವಾಗಿ ಸೋತೆ. ಹೋಗು, ಅವಳಿಗೆ ಬಿಸಿಬಿಸಿಯಾಗಿ ತಿನ್ನಿಸು."

ದೂರದಲ್ಲಿದ್ದ ಗುರುಗಳು ನನ್ನ ಸರಿದ ಪಾದ ನೋಡಿ, ಉಳಿದವರ ಕಡೆ ತಿರುಗಿಕೊಂಡರು.

"ಇಲ್ಲೇ ಇರು, ಹಾಲು ಕುಡಿದೇ ಹೋಗಬೇಕು," ಎಂದು ಅವನನ್ನು ನಿಲ್ಲಿಸಿ ನಾನು ಗಾಡಿಯ ಹತ್ತಿರ ನಡೆದೆ. ಹಾಲು ಮಾರುವ ಲ್ಯೂ ಅಕ್ಕ ಕಣ್ಣರಳಿಸಿದಳು.

"ಇದೇನೇ, ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ನಾ? ಅಂತೂ ಅವನಿಗೂ ಒಂದು ದಿನ ಕುಡಿಯೋ ಯೋಗ ಬಂತು! ಸಕ್ಕರೆ ಎಷ್ಟು ಹಾಕ್ಲಿ ಅವನಿಗೆ?"

ನಾನು ತಿರುಗಿ ನೋಡಿದೆ. ಅವನು ಗೋಡೆಗೆ ಒರಗಿ, ನಾನು ನಿಲ್ಲಿಸಿದ ಜಾಗದಲ್ಲೇ ನಿಂತಿದ್ದ.

"ಗೊತ್ತಿಲ್ಲ ಅಕ್ಕ," ಅಂದೆ. "ಯಾವತ್ತೂ ಕೇಳೇ ಇಲ್ಲ."